ಓಡದ ಗಾಡಿಯ ಸವೆತ

ಮಾತು ಬೇಡವೆನಿಸಿದಾಗಲೆಲ್ಲ ಹೃಷಿಕೇಶ ಬಾನೆಟ್ಟು ಎತ್ತುತ್ತಿದ್ದ. ಬಾನೆಟ್ಟಿನೊಳಗೆ ತಲೆ ಹಾಕಿದವನನ್ನು ಯಾರೂ ಏನೂ ಕೇಳುವುದಿಲ್ಲ. ಇಪ್ಪತ್ತೊಂಬತ್ತು ವರ್ಷದ ವಾಹನ ವಿಮೆಯ ಸರ್ವೆ ಕೆಲಸದಲ್ಲಿ ಅವನು ಕಂಡುಕೊಂಡ ಕೆಲವೇ ಸತ್ಯಗಳಲ್ಲಿ ಅದೊಂದು. ಆದರೆ ಈ ಅಮೃತ್ ಎಂಬವನಿಗೆ ಅದು ಗೊತ್ತಿದ್ದಂತಿರಲಿಲ್ಲ.

"ಅಂಕಲ್, ನಂಗೆ ಸಿಂಪಲ್ ಟೇಬಲ್ ಸಾಕು. ಟೂ ಕಾಲಮ್ಸ್. ಒಂದ್ರಲ್ಲಿ ಅಂಬಾಸಡರ್, ಒಂದ್ರಲ್ಲಿ ಫಿಯೆಟ್. ಇಂಜಿನ್, ಬಾಡಿ, ಸೀಟ್, ಎಲ್ಲಾದಕ್ಕೂ ಹತ್ತಕ್ಕೆ ಇಷ್ಟು ಅಂತ ಮಾರ್ಕ್ಸ್. ಲಾಸ್ಟ್‌ನಲ್ಲಿ ಟೋಟಲ್. ಜಾಸ್ತಿ ಬಂದಿದ್ದು ಇಟ್ಕೋತೀವಿ. ಇನ್ನೊಂದು ಸ್ಕ್ರ್ಯಾಪ್‌ಗೆ."

"ಆಗಲಿ," ಎಂದ ಹೃಷಿಕೇಶ, ರೇಡಿಯೇಟರಿಗೆ.

"ಸ್ಕ್ರ್ಯಾಪ್‌ನವ್ರು ನಾಡಿದ್ದು ಬರ್ತಾರೆ. ಸೋ, ಇವತ್ತೇ ಡಿಸೈಡ್ ಆಗ್ಬೇಕು."

ಅಮೃತ್‌ಗೆ ನಲವತ್ತೆರಡು ವರ್ಷ. ಅಹಮದಾಬಾದಿನಲ್ಲಿ ಉಪಗ್ರಹಗಳ ಕೆಲಸ. ಹುಟ್ಟಿ ಬೆಳೆದದ್ದು ವಡೋದರಾದ ಇದೇ ಮನೆಯಲ್ಲಿ. ಕನ್ನಡ ಅವನ ಬಾಯಲ್ಲಿ ಬ್ರಹ್ಮಚಾರಿಯ ಬಾಡಿಗೆ ಕೋಣೆಯ ಹಾಗಿತ್ತು: ಎರಡು ಪಾತ್ರೆ, ಒಂದು ಚಾಪೆ, ಉಳಿದಿದ್ದೆಲ್ಲ ಬೇರೆಯವರದು. ಅವನ ತಂದೆ ರಾಮಚಂದ್ರಯ್ಯ ಇಲ್ಲಿನ ರಸಾಯನ ಕಾರ್ಖಾನೆಯೊಂದರಲ್ಲಿ ಇಂಜಿನಿಯರಾಗಿದ್ದು ನಿವೃತ್ತರಾದವರು. ಕಾರ್ತಿಕದಲ್ಲಿ ತೀರಿಕೊಂಡಿದ್ದರು. ಬಿಟ್ಟುಹೋದದ್ದು ಹೆಂಡತಿ ಕಾಮಾಕ್ಷಮ್ಮನನ್ನು ಮತ್ತು ಎರಡು ಹಳೆಯ ಕಾರುಗಳನ್ನು. ಮಗನ ಅಹಮದಾಬಾದಿನ ಫ್ಲ್ಯಾಟಿನಲ್ಲಿ ತಾಯಿಗೊಂದು ಕೋಣೆ ಇತ್ತು. ಕಾರಿಗೆ ಒಂದೇ ಜಾಗವಿತ್ತು.

ಹೃಷಿಕೇಶನ ನಂಬರನ್ನು ಕನ್ನಡ ಸಂಘದ ಯಾರೋ ಕೊಟ್ಟಿದ್ದರು. ಸೂರತ್ತಿನಿಂದ ಇಷ್ಟು ದೂರ ಬರಬೇಕಾಗಿರಲಿಲ್ಲ. ಈಗ ವಿಮಾ ಕಂಪನಿಗಳೇ ಫೋನಿನಲ್ಲಿ ವಿಡಿಯೋ ತರಿಸಿಕೊಂಡು ಸರ್ವೆ ಮುಗಿಸುತ್ತವೆ. ಅಮೃತ್ ಕೂಡ ಅದನ್ನೇ ಕೇಳಿದ್ದ. "ಇಲ್ಲ, ಹಳೇ ಗಾಡಿ ಕೈಯಿಂದ ಮುಟ್ಟಿ ನೋಡಬೇಕಾಗ್ತದ," ಎಂದಿದ್ದ ಹೃಷಿಕೇಶ. ಅದು ಸುಳ್ಳಲ್ಲ. ಆದರೆ ಭರೂಚಿನಲ್ಲಿ ಮಗುಚಿದ ಟೆಂಪೋಗೂ, ಸೂರತ್ತಿನ ಹೊರವಲಯದ ಸಚಿನ್‌ನಲ್ಲಿ ಸುಟ್ಟ ಟ್ಯಾಂಕರಿಗೂ ಅವನು ಇದೇ ಮಾತು ಹೇಳುತ್ತಿದ್ದ. ಬೆಳಿಗ್ಗೆ ಆರಕ್ಕೆ ಮನೆ ಬಿಡಬೇಕಾದ ಯಾವ ಕೆಲಸವನ್ನೂ ಅವನು ಬೇಡವೆಂದವನಲ್ಲ.

ಅಂಬಾಸಡರ್ ಪೋರ್ಟಿಕೋದಲ್ಲಿ ನಿಂತಿತ್ತು. ಎಪ್ಪತ್ತೆರಡರ ಮಾದರಿ, ಹಾಲುಬಣ್ಣ. ಮೂಗು ದಪ್ಪ, ಬೆನ್ನು ಗುಂಡಗೆ. ಊಟ ಮಾಡಿ ಅಡ್ಡಾದ ಹಿರಿಯನ ಹಾಗೆ, ಸ್ಪ್ರಿಂಗು ಸೋತು, ಒಂದು ಕಡೆಗೆ ವಾಲಿತ್ತು. ಹೃಷಿಕೇಶ ಟಾರ್ಚು ಹಿಡಿದು ಒಳಗೆ ನೋಡಿದ. ಮುಂದಿನ ಉದ್ದ ಸೀಟು ಈ ತುದಿಯಿಂದ ಆ ತುದಿಯವರೆಗೆ ಒಂದೇ ಸಮ ಕುಸಿದಿತ್ತು. ಡ್ಯಾಶ್‌ಬೋರ್ಡಿನ ಮೇಲೆ ಐವತ್ತು ವರ್ಷದ ಆಯುಧಪೂಜೆಗಳ ಕುಂಕುಮ ಕಲೆಗಟ್ಟಿತ್ತು. ಹಿಂದಿನ ಬಾಗಿಲಿನ ಹಿಡಿಯ ಮೇಲೆ ಹಾಲುಹಲ್ಲುಗಳ ಗುರುತು. ಈಗ ಟೇಬಲ್ ಕೇಳುತ್ತಿರುವವನು ಎಂದೋ ಅದನ್ನು ಕಚ್ಚಿರಬೇಕು. ಇಂಜಿನ್ನು ಎರಡು ಸಲ ಬಿಚ್ಚಿ ಕಟ್ಟಿದ್ದು. ಚಾಸಿ ತುಕ್ಕು ಹಿಡಿದಿತ್ತು. ಬೆರಳಿನಿಂದ ಒತ್ತಿದರೆ ಬಿಸ್ಕತ್ತಿನ ಹಾಗೆ ಉದುರಿತು.

ಹತ್ತಕ್ಕೆ ಮೂರು ಎಂದು ಬರೆದುಕೊಂಡ.

ಅಮೃತ್‌ನ ಫೋನು ಬಡಿದುಕೊಂಡಿತು. ಅವನು ಮೀಟಿಂಗ್ ಎಂದು ಒಳಗೆ ಹೋದ. ಅದಕ್ಕೇ ಕಾದಿದ್ದವರಂತೆ ಕಾಮಾಕ್ಷಮ್ಮ ಕಾಫಿ ಹಿಡಿದು ಬಂದರು. ಎಪ್ಪತ್ತಾರರ ತೆಳ್ಳನೆಯ ಹೆಂಗಸು.

"ನೀವು ಧಾರವಾಡದ ಕಡೆಯವರಾ?"

"ಗದಗ್ರೀ."

"ನಾವು ಮೈಸೂರು. ಕಾಫಿ ಸ್ಟ್ರಾಂಗ್ ಆಯ್ತೇನೋ."

"ಇಲ್ರೀ, ಛಲೋ ಅದ."

ಅವರು ಹೋಗಲಿಲ್ಲ. ಅಂಬಾಸಡರಿನ ಮೇಲೆ ಬೆರಳಿಟ್ಟು, ಧೂಳಿದೆಯೇ ಎಂದು ನೋಡುವವರಂತೆ ಬೆರಳನ್ನು ನೋಡಿಕೊಂಡರು.

"ಒಂದು ಕೇಳ್ಬೇಕಿತ್ತು. ಈ ಕಿಲೋಮೀಟರ್ ಮೀಟರು ಇರತ್ತಲ್ಲ, ಅದು ಒಂದು ಲಕ್ಷ ಆದ್ಮೇಲೆ ಮತ್ತೆ ಸೊನ್ನೆಯಿಂದ ಶುರು ಆಗತ್ತಂತೆ. ಹೌದಾ?"

"ಹಳೇ ಗಾಡ್ಯಾಗ ಹೌದ್ರಿ. ಐದs ಅಂಕಿ ಇರ್ತಾವ."

"ಆ ಇನ್ನೊಂದರಲ್ಲಿ, ಫಿಯೆಟ್ಟಲ್ಲಿ, ಬರೀ ಹದಿನೆಂಟು ಸಾವಿರ ಇದೆ ಅಂದ ಅಮೃತ್. ಅದು ಒಂದು ಸುತ್ತು ಹೊಡೆದಿರತ್ತೆ, ಅಲ್ವಾ?"

"ನೋಡಬೇಕ್ರಿ."

"ನೋಡಿದ್ರೆ ಗೊತ್ತಾಗತ್ತಾ?"

"ಗೊತ್ತಾಗ್ತದ್ರಿ."

"ನೋಡ್ಕೊಂಡು ಬಂದು ನನಗೆ ಹೇಳಿ. ಅವನಿಗಲ್ಲ. ನನಗೆ." ಲೋಟಕ್ಕೆ ಕೈಚಾಚಿದರು. ಲೋಟದಲ್ಲಿ ಇನ್ನೂ ಕಾಫಿಯಿತ್ತು.

ನಂತರ, ಅವನು ಕೇಳದಿದ್ದರೂ, ನಿಂತಲ್ಲೇ ನಿಂತು ಹೇಳಿದರು. ಫಿಯೆಟ್ಟನ್ನು ಕೊಂಡದ್ದು ತೊಂಬತ್ತಮೂರರಲ್ಲಿ, ವರ್ಗವಾಗಿ ಹೋಗುತ್ತಿದ್ದ ಸಹೋದ್ಯೋಗಿಯೊಬ್ಬನಿಂದ. ಮನೆಯಲ್ಲಿ ಜಾಗವಿಲ್ಲವೆಂದು ಎರಡು ಬೀದಿ ಆಚೆ ಶೆಡ್ಡು ಹಿಡಿದಿದ್ದರು. ರಾಮಚಂದ್ರಯ್ಯ ದಿನಾ ಸಂಜೆ ಐದಕ್ಕೆ ಬೀಗದಕೈ ತೆಗೆದುಕೊಂಡು ಹೋಗುತ್ತಿದ್ದರು, ಏಳೂವರೆಗೆ ಬರುತ್ತಿದ್ದರು. ಮೂವತ್ತು ವರ್ಷ. ಭಾನುವಾರವೂ.

"ಎಲ್ಲಿಗೆ ಅಂತ ನಾನು ಕೇಳ್ಲಿಲ್ಲ. ಅವರು ಹೇಳ್ಲಿಲ್ಲ."

ಹೃಷಿಕೇಶನಿಗೆ ಬಾನೆಟ್ಟು ಬೇಕಾಯಿತು. ಅದನ್ನು ಆಗಲೇ ಮುಚ್ಚಿಬಿಟ್ಟಿದ್ದ.

ಶೆಡ್ಡಿನ ದಾರಿಯಲ್ಲಿ ಹೆಂಡತಿ ಇಂದುಮತಿಯ ಫೋನು ಬಂತು.

"ಮುಟ್ಟಿದ್ರ್ಯಾ?"

"ಮುಟ್ಟಿದೆ."

"ಊಟ?"

"ನೋಡಬೇಕು."

"ರಾತ್ರಿ ಚಪಾತಿನೋ ಅನ್ನನೋ?"

"ಏನಾರ."

ಅವಳ ಹಿಂದೆ ಎಲ್ಲೋ ಕುಕ್ಕರು ಕೂಗಿತು. "ಇಡ್ತೀನಿ," ಎಂದಳು. ಮಗಳು ರಚನಾ ಕಾಲೇಜಿಗೆಂದು ಅಹಮದಾಬಾದಿಗೆ ಹೋದ ಮೇಲೆ ಸೂರತ್ತಿನ ಅಡಾಜಣ್‌ನ ಆ ಮೂರು ಕೋಣೆಯ ಮನೆಯಲ್ಲಿ ಉಳಿದಿದ್ದ ಮಾತುಗಳು ಇಷ್ಟೇ: ಬರುವುದು, ಹೋಗುವುದು, ತಿನ್ನುವುದು. ಜಗಳವಿರಲಿಲ್ಲ. ಜಗಳವಾಡಲು ಏನಾದರೂ ಬೇಕಲ್ಲ, ಅದಿರಲಿಲ್ಲ.

ಶೆಡ್ಡಿನ ಪಕ್ಕ ಹಿಟ್ಟಿನ ಗಿರಣಿ. ಬೀಗದಕೈ ಗಿರಣಿಯ ಪ್ರವೀಣ್‌ಭಾಯಿಯ ಹತ್ತಿರವಿತ್ತು. ಹುಬ್ಬು, ಮೂಗಿನ ತುದಿ, ಕಿವಿಯ ಕೂದಲು ಎಲ್ಲ ಹಿಟ್ಟಾಗಿದ್ದ ಮನುಷ್ಯ. ಶಟರು ಎತ್ತಿಕೊಟ್ಟ.

ಕಪ್ಪು ಫಿಯೆಟ್ ಪದ್ಮಿನಿ. ಹಿಂದೆ ಎರಡು ಚೂಪು ರೆಕ್ಕೆ, ಮುಂದೆ ಸಣ್ಣ ಸೊಂಟದ ಹಾಗೆ ಬಾಗಿದ ಬಾನೆಟ್ಟು. ಅಂಬಾಸಡರಿನ ಪಕ್ಕ ನಿಲ್ಲಿಸಿದರೆ ಸಂಸಾರಸ್ಥನ ಪಕ್ಕ ಹುಡುಗಿ ನಿಂತಂತೆ ಕಾಣುವ ಗಾಡಿ. ಅದರ ಕಪ್ಪಿನ ಮೇಲೆ ನಾಲ್ಕು ತಿಂಗಳ ಹಿಟ್ಟು ಕೂತಿತ್ತು. ಹೃಷಿಕೇಶ ಬೆರಳಿನಿಂದ ಒಂದು ಗೆರೆ ಎಳೆದ. ಕೆಳಗೆ ಬಣ್ಣ ಕನ್ನಡಿಯಂತಿತ್ತು.

ಮೊದಲು ಮೀಟರು ನೋಡಿದ. 18,432.

ಆಮೇಲೆ ಕೆಲಸ ಶುರುಮಾಡಿದ. ಮೀಟರು ಸುಳ್ಳು ಹೇಳಬಹುದು, ಸವೆತ ಹೇಳುವುದಿಲ್ಲ. ಬ್ರೇಕಿನ ಶೂ ಪೂರ್ತಿ ದಪ್ಪವಾಗಿತ್ತು. ಆಕ್ಸಿಲರೇಟರಿನ ರಬ್ಬರಿನ ಗೀರುಗಳು ಮೊನ್ನೆ ಅಚ್ಚು ಹಾಕಿದಂತಿದ್ದವು. ಡಿಕ್ಕಿಯಲ್ಲಿದ್ದ ಸ್ಟೆಪ್ನಿ ನೆಲವನ್ನೇ ಕಂಡಿರಲಿಲ್ಲ. ಎಂಜಿನ್ನಿನೊಳಗಿನ ಆಯಿಲು ಡಾಂಬರಾಗಿತ್ತು, ಆದರೆ ಅದು ಓಡಿ ಆದದ್ದಲ್ಲ, ಕೂತು ಆದದ್ದು. ಒಂದು ಸುತ್ತು ಹೊಡೆದ ಗಾಡಿಯಲ್ಲ ಇದು. ಬಾಗಿಲ ಕಂಬದ ಮೇಲೆ ಸರ್ವಿಸ್ ಸ್ಟೇಷನ್ನಿನ ಹಳದಿ ಚೀಟಿ ಅಂಟಿಸಿತ್ತು. ಟಾರ್ಚು ಹತ್ತಿರ ಹಿಡಿದು ಓದಿದ. ತಾರೀಖು ತೊಂಬತ್ತಮೂರನೇ ಇಸವಿಯದು. ಕಿಲೋಮೀಟರು: 18,410.

ಇಪ್ಪತ್ತೆರಡು ಕಿಲೋಮೀಟರು. ಕೊಂಡವನ ಮನೆಗೆ ಬಂದದ್ದು, ಅಲ್ಲಿಂದ ಶೆಡ್ಡಿಗೆ ಬಂದದ್ದು, ಬಹುಶಃ ಒಂದು ಸಲ ಪೆಟ್ರೋಲಿಗೆ ಹೋಗಿ ಬಂದದ್ದು.

ಹಾಗಾದರೆ ಬಲಗಡೆಯ ಬಾಗಿಲು ಯಾಕೆ ಹೀಗಿದೆ?

ತೆರೆದಾಗ ಬಾಗಿಲು ಅರ್ಧ ಅಂಗುಲ ಕೆಳಗೆ ಜಗ್ಗುತ್ತಿತ್ತು. ಬಾಗಿಲಿನ ಕೀಲು ಪೂರಾ ತಿಂದುಹೋಗಿತ್ತು; ಸಾವಿರಾರು ಸಲ ತೆರೆದು ಮುಚ್ಚಿದ ಟ್ಯಾಕ್ಸಿಯ ಬಾಗಿಲಿನ ಹಾಗೆ. ಹಿಡಿಯ ಬೆಳ್ಳಿಬಣ್ಣ ಹೋಗಿ ಒಳಗಿನ ಹಿತ್ತಾಳೆ ಕಾಣುತ್ತಿತ್ತು. ಕೆಳಗಿನ ಮ್ಯಾಟಿನಲ್ಲಿ ಹಿಮ್ಮಡಿ ಊರಿದ ಜಾಗದಲ್ಲಿ ಎರಡು ತೂತು. ಸ್ಟೀರಿಂಗಿನ ಮೇಲ್ಭಾಗ, ಗಾಡಿ ನಡೆಸುವವರು ಯಾರೂ ಹಿಡಿಯದ ಜಾಗ, ಒಂದು ಗೇಣು ಬೆಳ್ಳಗಾಗಿ ನುಣುಪಾಗಿತ್ತು. ಅಲ್ಲಿ ಕೈಯಿಟ್ಟು, ಕೈಯ ಮೇಲೆ ಹಣೆಯಿಟ್ಟು ಕೂತರೆ ಮಾತ್ರ ಹಾಗಾದೀತು. ಚಾಲಕನ ಸೀಟು ಕುಸಿದು ಬೋಗುಣಿಯಾಗಿತ್ತು.

ಎಡಗಡೆಯ ಸೀಟಿನ ರೆಕ್ಸಿನ್ನು ಹೊಲಿದ ದಿನದ ಹಾಗೇ ಇತ್ತು. ಒಂದು ಸುಕ್ಕಿಲ್ಲ. ಅಂಗೈಯಿಂದ ಒತ್ತಿದ. ಹೊಸ ಸ್ಪ್ರಿಂಗು ಅಂಗೈಯನ್ನು ತಳ್ಳಿತು.

ಓಡಿದ್ದರಿಂದಾದ ಸವೆತ, ವಯಸ್ಸಿನಿಂದಾದ ಸವೆತ, ಅವನ ವೃತ್ತಿಯಲ್ಲಿ ಇದ್ದದ್ದು ಇವೆರಡೇ. ಫಾರಂನಲ್ಲಿ ಎರಡಕ್ಕೂ ಕಾಲಂ ಇತ್ತು. ಇದು ಎರಡೂ ಆಗಿರಲಿಲ್ಲ.

"ಪ್ರವೀಣ್‌ಭಾಯಿ," ಎಂದು ಕೂಗಿ ಹಿಂದಿಯಲ್ಲಿ ಕೇಳಿದ, "ಸಾಹೇಬರು ಗಾಡಿ ಎಲ್ಲಿಗೆ ಒಯ್ಯುತ್ತಿದ್ದರು?"

ಪ್ರವೀಣ್‌ಭಾಯಿ ಗಿರಣಿಯ ಸದ್ದಿನ ಮೇಲೆ ಕೂಗಿದ: "ಗಾಡೀ? ಗಾಡೀ ತೋ ಕ್ಯಾರೇಯ ನೀಕಳೀಜ್ ನಥೀ!"

ಗಾಡಿ ಎಂದೂ ಹೊರಗೇ ಬಂದಿಲ್ಲ. ಸಾಹೇಬರು ಬರುತ್ತಿದ್ದರು, ಶಟರು ಅರ್ಧ ಇಳಿಸಿಕೊಳ್ಳುತ್ತಿದ್ದರು, ಒಳಗೆ ಕೂತಿರುತ್ತಿದ್ದರು. ಹೋಗುವಾಗ ಒರೆಸಿ ಹೋಗುತ್ತಿದ್ದರು. ಬಹಳ ಒಳ್ಳೆಯ ಮನುಷ್ಯ, ಯಾರಿಗೂ ತೊಂದರೆಯಿಲ್ಲ. ಹಬ್ಬಕ್ಕೆ ಒಂದು ಡಬ್ಬಿ ತರುತ್ತಿದ್ದರು. ಚಕ್ಕುಲಿಯನ್ನು ಗಿರಣಿಯವರಿಗೆ ಕೊಡುತ್ತಿದ್ದರು, ಸಿಹಿಯನ್ನು ನಾಯಿಗೆ. ಒಳಗೆ ಏನು ಮಾಡುತ್ತಿದ್ದರು? ಪ್ರವೀಣ್‌ಭಾಯಿ ಹಿಟ್ಟಿನ ಕೈ ಒದರಿದ. ಏನು ಮಾಡುತ್ತಾರೆ, ಕೂತಿರುತ್ತಿದ್ದರು. ಇದನ್ನು ಮನೆಯವರಿಗೆ ಹೇಳಲಿಲ್ಲವೇ? ಯಾರೂ ಕೇಳಲಿಲ್ಲ.

ಅವನು ಹೋದ ಮೇಲೆ ಹೃಷಿಕೇಶ ಸೀಟಿನ ಸ್ಪ್ರಿಂಗು ಪರೀಕ್ಷಿಸಬೇಕೆಂದುಕೊಂಡ. ಅದಕ್ಕೆ ಕೂರಲೇಬೇಕು. ಕೂತ. ಬಾಗಿಲು ಎಳೆದುಕೊಂಡ.

ಬೋಗುಣಿ ಅವನಿಗೆ ಸರಿಯಾಗಿತ್ತು. ಬೆನ್ನು ಹೋಗಿ ಇನ್ನೊಬ್ಬರ ಬೆನ್ನಿನ ಜಾಗದಲ್ಲಿ ಕೂತಿತು. ಹಿಮ್ಮಡಿಗಳು ಹುಡುಕದೆಯೇ ತೂತುಗಳನ್ನು ಸೇರಿದವು. ಹೊರಗೆ ಗಿರಣಿ ಒಂದೇ ಸಮನೆ ಅರೆಯುತ್ತಿತ್ತು. ಆ ಸದ್ದು ಗಾಜಿನಿಂದ ಸೋಸಿ ಬರುವಾಗ ಸದ್ದಾಗಿ ಉಳಿಯುತ್ತಿರಲಿಲ್ಲ, ಹೊದಿಕೆಯಂತಾಗುತ್ತಿತ್ತು. ಮುಂದಿನ ಗಾಜಿನ ಮೇಲೆ ಹಿಟ್ಟು. ಏನೂ ಕಾಣುತ್ತಿರಲಿಲ್ಲ. ಯಾರಿಗೂ ಅವನು ಕಾಣುತ್ತಿರಲಿಲ್ಲ. ಚಪಾತಿಯೋ ಅನ್ನವೋ ಎಂದು ಹೇಳಬೇಕಾಗಿರಲಿಲ್ಲ.

ಕೈಯೆತ್ತಿ ಸ್ಟೀರಿಂಗಿನ ಮೇಲಿಟ್ಟ. ಹಣೆ ತಾನಾಗಿ ಬಾಗಿತು.

ಫೋನು ನಡುಗಿದಾಗ ನಲವತ್ತು ನಿಮಿಷವಾಗಿತ್ತು. ಅಮೃತ್. "ಅಂಕಲ್, ಆಯ್ತಾ?" ಹೃಷಿಕೇಶ ಕಳ್ಳತನ ಮಾಡಿ ಸಿಕ್ಕಿಬಿದ್ದವನಂತೆ ಬಾಗಿಲು ತಳ್ಳಿ ಹೊರಬಂದ. ಬಾಗಿಲು ಅರ್ಧ ಅಂಗುಲ ಜಗ್ಗಿತು. ಅಂಗಿಯ ಬೆನ್ನು ಒದ್ದೆಯಾಗಿತ್ತು. ಇಷ್ಟು ನಿರಾಳವಾಗಿ ಅವನು ಎಷ್ಟೋ ವರ್ಷದಿಂದ ಕೂತಿರಲಿಲ್ಲ, ಮತ್ತು ಹೆದರಿಸಿದ್ದು ಅದೇ.

ಕಾಮಾಕ್ಷಮ್ಮ ಅಡುಗೆಮನೆಯಲ್ಲಿ ಸ್ಟೀಲಿನ ಡಬ್ಬಿಗಳನ್ನು ಹಳೆಯ ಪೇಪರಿನಲ್ಲಿ ಸುತ್ತಿ ರಟ್ಟಿನ ಪೆಟ್ಟಿಗೆಗೆ ಇಡುತ್ತಿದ್ದರು. ಒಳಕೋಣೆಯಲ್ಲಿ ಅಮೃತ್ ಲ್ಯಾಪ್‌ಟಾಪಿಗೆ ಇಂಗ್ಲಿಷಿನಲ್ಲಿ ಏನೋ ಒಪ್ಪಿಸುತ್ತಿದ್ದ.

"ಹೇಳಿ," ಎಂದರು, ತಿರುಗದೆ.

"ಸುತ್ತು ಹೊಡದಿಲ್ರಿ."

"ಅಂದ್ರೆ?"

"ಹದಿನೆಂಟು ಸಾವಿರದಾಗs ಅದ. ತಗೊಂಡಾಗ ಎಷ್ಟಿತ್ತೋ ಹೆಚ್ಚು ಕಡಿಮಿ ಅಷ್ಟs. ಮೂವತ್ತು ವರ್ಷದಾಗ ಇಪ್ಪತ್ತೆರಡು ಕಿಲೋಮೀಟರ್ ಓಡ್ಯದ."

ಅವರ ಕೈಯಲ್ಲಿದ್ದ ಪೇಪರು ನಿಂತಿತು.

"ಹಾಗಾದ್ರೆ ಎಲ್ಲೂ ಹೋಗ್ತಿರ್ಲಿಲ್ಲ."

"ಇಲ್ರಿ."

"ಅವಳೇ ಅಲ್ಲಿಗೆ ಬರ್ತಿದ್ದಳಾ?"

ಯಾರು ಎಂದು ಅವನು ಕೇಳಲಿಲ್ಲ. ಸಮಾಧಾನವಾಗಲೆಂದು, ಒಳ್ಳೆಯ ಸುದ್ದಿ ತಿಳಿಸುವ ದನಿಯಲ್ಲಿ ಹೇಳಿದ: "ಯಾರೂ ಬಂದಿಲ್ರಿ. ಎಡಗಡಿ ಸೀಟು ಹೊಸದಿದ್ದಂಗs ಅದ. ಅದರ ಮ್ಯಾಲೆ ಒಂದು ದಿನಾನೂ ಯಾರೂ ಕೂತಿಲ್ಲ. ಇದನ್ನ ನಾ ಬರದು ಕೊಡತೀನಿ ಬೇಕಾದ್ರ. ಒಬ್ಬರs ಕೂತಿರ್ತಿದ್ರು. ಗಿರಣಿಯವನೂ ಅದನ್ನs ಹೇಳಿದ."

ಅವರು ಹಗುರಾಗುತ್ತಾರೆಂದು ಕಾದ. ಕಾಮಾಕ್ಷಮ್ಮ ಮೆಲ್ಲನೆ ಸ್ಟೂಲಿನ ಮೇಲೆ ಕೂತರು.

"ಯಾರೂ ಇರ್ಲಿಲ್ವಾ?"

"ಇಲ್ರಿ."

"ನಾನು ಆ ಗಿರಣಿಗೆ ಗೋಧಿ ಕಳಿಸ್ತಿರ್ಲಿಲ್ಲ. ದೂರದ್ದಕ್ಕೆ ಕಳಿಸ್ತಿದ್ದೆ. ಅಲ್ಲಿಗೆ ಹೋದ್ರೆ ಗೊತ್ತಾಗಿಬಿಡತ್ತಲ್ಲ ಅಂತ." ಪೆಟ್ಟಿಗೆಯೊಳಗಿನ ಡಬ್ಬಿಗಳನ್ನು ನೋಡುತ್ತ, "ಗೌರಿಹಬ್ಬಕ್ಕೆ ಎರಡು ಒಬ್ಬಟ್ಟು ಜಾಸ್ತಿ ಹಾಕ್ತಿದ್ದೆ ಡಬ್ಬಿಗೆ. ಅವಳಿಗೂ ಇರ್ಲಿ ಅಂತ. ಹಾಳಾಗಲಿ, ಹಬ್ಬದ ದಿನ. ಡಬ್ಬಿ ಖಾಲಿಯಾಗಿ ಬರ್ತಿತ್ತು. ತಿಂದಳು ಅಂದ್ಕೋತಿದ್ದೆ."

ನಾಯಿಯ ವಿಷಯ ಹೃಷಿಕೇಶನ ನಾಲಿಗೆಯ ತುದಿಗೆ ಬಂದು ಅಲ್ಲೇ ಉಳಿಯಿತು. ಅಷ್ಟಾದರೂ ಬುದ್ಧಿ ಅವನಿಗಿತ್ತು.

"ಮೂವತ್ತು ವರ್ಷ ಅವಳ ಜೊತೆ ಜಗಳ ಆಡಿದೀನಿ ಮನಸ್ಸಲ್ಲೇ. ಸೀರೆ ಉಡಿಸಿದೀನಿ, ಕಿತ್ತು ಎಸೆದಿದೀನಿ. ಅವರ ಹನ್ನೆರಡನೇ ದಿನ ಬಾಗಿಲು ನೋಡ್ತಾ ಇದ್ದೆ, ಬರ್ತಾಳೇನೋ ಅಂತ. ಬಂದ್ರೆ ಬಡಿಸಿಬಿಡೋಣ ಅಂತಿದ್ದೆ." ಕೈಯಲ್ಲಿದ್ದ ಡಬ್ಬಿಯ ಮುಚ್ಚಳ ತೆಗೆದರು, ಮತ್ತೆ ಹಾಕಿದರು. "ಹಾಗಾದ್ರೆ ಅವರು ಯಾರ ಹತ್ರಾನೂ ಹೋಗ್ತಿರ್ಲಿಲ್ಲ. ನನ್ನ ಹತ್ರದಿಂದ ಹೋಗ್ತಿದ್ರು."

ಒಳಕೋಣೆಯಲ್ಲಿ ಅಮೃತ್ ನಕ್ಕ. ಲ್ಯಾಪ್‌ಟಾಪಿನಲ್ಲಿ ಯಾರೋ ಏನೋ ಹೇಳಿರಬೇಕು.

"ಹಂಗಲ್ರೀ," ಎಂದ ಹೃಷಿಕೇಶ. ಹಂಗಲ್ಲ ಎಂದರೆ ಹೆಂಗೆ? ಅದು ನಿಮಗೆ ಸಂಬಂಧಪಟ್ಟದ್ದಲ್ಲ, ನನಗೂ ಹಾಗೇ ಆಗುತ್ತದೆ, ಎನ್ನಬಹುದಿತ್ತು. ಆಗ, ಏನಾಗುತ್ತದೆ ಎಂದು ಅವರು ಕೇಳಿದ್ದರೆ?

ಅವರು ಕೇಳಿಯೇಬಿಟ್ಟರು. "ನೀವು ಗಂಡಸರು. ನೀವೇ ಹೇಳಿ. ಹೋಗಿ ನೋಡ್ಕೊಂಡು ಬಂದ್ರಲ್ಲ. ಆ ಗಾಡೀಲಿ ಏನಿದೆ?"

"ಏನೂ ಇಲ್ರಿ."

ಅವನ ಇಡೀ ದಿನದ ಸರ್ವೆಯಲ್ಲಿ ಅಷ್ಟು ನಿಖರವಾದ ಮಾತು ಇನ್ನೊಂದಿರಲಿಲ್ಲ.

ಕಾಮಾಕ್ಷಮ್ಮ ಎದ್ದು ಡಬ್ಬಿಗೆ ಪೇಪರು ಸುತ್ತತೊಡಗಿದರು. "ಒಂದು ಸುತ್ತು ಹೊಡೆದಿದೆ ಅಂದಿದ್ರೆ ಆಗ್ತಿತ್ತು," ಎಂದರು, ಬೈಯುವ ದನಿಯಲ್ಲಲ್ಲ. "ನಿಮ್ಮದೇನು ಗಂಟು ಹೋಗ್ತಿತ್ತು?"

ಟೇಬಲ್ಲನ್ನು ಹೃಷಿಕೇಶ ನಡುಮನೆಯಲ್ಲಿ ಕೂತು ತುಂಬಿದ. ಎಂಜಿನ್ನು: ಅಂಬಾಸಡರಿಗೆ ನಾಲ್ಕು, ಫಿಯೆಟ್ಟಿಗೆ ಎಂಟು. ಚಾಸಿ ಮೂರು, ಒಂಬತ್ತು. ಬಣ್ಣ ನಾಲ್ಕು, ಒಂಬತ್ತು. ಪೆನ್ನು ಒಂದೆರಡು ಸಲ ಅಂಬಾಸಡರಿನ ಕಾಲಮ್ಮಿನ ಮೇಲೆ ತಡೆಯಿತು. ಎರಡು ಮೂರು ಅಂಕಿ ಅತ್ತಿತ್ತ ಮಾಡಿದರೆ, ಹಾಲುಹಲ್ಲಿನ ಗುರುತಿಗೂ ಕುಂಕುಮಕ್ಕೂ ಒಂದಿಷ್ಟು ಸೇರಿಸಿದರೆ, ಮನೆಮಂದಿಯೆಲ್ಲ ಕೂತು ಸವೆಸಿದ ಆ ಗಾಡಿ ಉಳಿಯುತ್ತಿತ್ತು. ಇಪ್ಪತ್ತೊಂಬತ್ತು ವರ್ಷದಲ್ಲಿ ಅವನು ಒಂದು ಅಂಕಿಯನ್ನೂ ತಿದ್ದಿರಲಿಲ್ಲ. ಜನ ಅದನ್ನು ಪ್ರಾಮಾಣಿಕತೆ ಎನ್ನುತ್ತಿದ್ದರು. ಅವನೂ ಬಹಳ ಕಾಲ ಹಾಗೇ ಅಂದುಕೊಂಡಿದ್ದ.

ತಿದ್ದಲಿಲ್ಲ.

ಅಮೃತ್ ನಿಂತುಕೊಂಡೇ ಓದಿದ. "ಫಿಯೆಟ್ ಕ್ಲಿಯರ್ ವಿನ್ನರ್. ನಂಗೆ ಗೊತ್ತಿತ್ತು. ಅಪ್ಪ ಎಷ್ಟು ಮೆಂಟೇನ್ ಮಾಡಿದ್ರು ನೋಡಿ." ಬೆರಳು ಕೆಳಗೆ ಹೋಯಿತು. "ಡ್ರೈವರ್ ಸೀಟ್ ಎರಡು. ಅದನ್ನ ರಿಪೇರ್ ಮಾಡಿಸ್ಬಹುದು. ಎಡಗಡೆ ಸೀಟ್... ವಾವ್, ಟೆನ್ ಔಟ್ ಆಫ್ ಟೆನ್! ಅಮ್ಮಾ, ನೋಡು, ನಿನ್ ಸೀಟ್ ಎಕ್ದಮ್ ಹೊಸದು."

ಅಡುಗೆಮನೆಯಿಂದ ಪೇಪರಿನ ಸದ್ದು ಬರುತ್ತಿತ್ತು. ಅದು ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಶುರುವಾಯಿತು.

"ಊಟ ಮಾಡ್ಕೊಂಡು ಹೋಗಿ ಅಂಕಲ್."

"ಟ್ರೇನಿಗೆ ಹೊತ್ತಾಗ್ತದ," ಎಂದ ಹೃಷಿಕೇಶ. ಟ್ರೇನಿಗೆ ಇನ್ನೂ ಎರಡು ಗಂಟೆಯಿತ್ತು.

ಹೊರಡುವಾಗ ಕಾಮಾಕ್ಷಮ್ಮ ಬಾಗಿಲಿಗೆ ಬರಲಿಲ್ಲ.

ಸಂಜೆಯ ರೈಲು ನರ್ಮದೆಯ ಸೇತುವೆ ದಾಟುವಾಗ ಕೆಳಗೆ ನೀರಿಗಿಂತ ಮರಳೇ ಹೆಚ್ಚು ಕಂಡಿತು. ಇಂದುಮತಿಗೆ ಹೇಳಬೇಕು ಎಂದುಕೊಂಡ. ಏನೆಂದು? ಮನಸ್ಸಿನಲ್ಲಿ ವಾಕ್ಯ ಕಟ್ಟಿದ. ಇವತ್ತ ಒಂದು ಗಾಡಿ ನೋಡಿದೆ. ಅದು ಬೇಡ, ಅವನು ದಿನಾ ನೋಡುವುದು ಗಾಡಿಯನ್ನೇ. ಒಬ್ಬಾಕಿ ಅಳಲಿಲ್ಲ, ಅದಕ್ಕೆ ನನಗ... ಅದೂ ಬೇಡ. ನಾನೂ ಹೊರಗ ಹೋಗೂದು ಕೆಲಸಕ್ಕಲ್ಲ, ಇಂದೂ. ಈ ವಾಕ್ಯ ಚೆನ್ನಾಗಿ ಕೂತಿತು. ಅಂಕಲೇಶ್ವರ ದಾಟುವವರೆಗೆ ಅದನ್ನೇ ತುಟಿಯೊಳಗೆ ಹೇಳಿಕೊಂಡ. ಇಂದೂ ಎಂದು ಕರೆದು ಎಷ್ಟು ಕಾಲವಾಯಿತೆಂದು ಲೆಕ್ಕ ಹಾಕಲು ಹೋಗಿ, ಬಿಟ್ಟ. ಎದುರಿನವನು ತನ್ನನ್ನೇ ನೋಡುತ್ತಿರುವುದು ಗಮನಕ್ಕೆ ಬಂದು ಫೋನು ತೆಗೆದ. ಅವಳಿಗೆ ಮಾಡಿದ. ಎತ್ತಲಿಲ್ಲ. ಒಂದು ರೀತಿ ಒಳ್ಳೆಯದೇ ಆಯಿತು ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ನಾಚಿಕೆಯಾಯಿತು. ಮನೆಗೆ ಹೋಗಿ, ಚಪ್ಪಲಿ ಬಿಡುವುದಕ್ಕೂ ಮುಂಚೆ ಹೇಳಿಬಿಡಬೇಕು. ಚಪ್ಪಲಿ ಬಿಟ್ಟರೆ ಆಗುವುದಿಲ್ಲ.

ಸೂರತ್ತಿನಲ್ಲಿ ಇಳಿದು ಆಟೋ ಹಿಡಿದ. ತಾಪಿಯ ಮೇಲಿನ ಸೇತುವೆಯಲ್ಲಿ ಎಂದಿನ ದಟ್ಟಣೆ. ಅಡಾಜಣ್ ಮುಟ್ಟಿದಾಗ ಎಂಟಾಗಿರಲಿಲ್ಲ. ಮನೆಯ ಕಿಟಕಿಯಲ್ಲಿ ದೀಪವಿರಲಿಲ್ಲ. ಕರೆಂಟು ಹೋಗಿದೆಯೇನೋ ಎಂದುಕೊಂಡ. ಪಕ್ಕದ ಕಿಟಕಿಗಳಲ್ಲೆಲ್ಲ ದೀಪವಿತ್ತು.

ಟಾರ್ಚು, ಸವೆತ ಅಳೆಯುವ ಗೇಜು, ಫಾರಂಗಳ ಚೀಲವನ್ನು ಅವನು ತನ್ನ ಕಾರಿನ ಡಿಕ್ಕಿಯಲ್ಲೇ ಇಡುತ್ತಿದ್ದ. ಮನೆಗೆ ಗ್ರೀಸಿನ ವಾಸನೆ ಬೇಡವೆಂದು ಇಂದುಮತಿಯೇ ಮಾಡಿದ ನಿಯಮ. ಮೆಟ್ಟಿಲಿಳಿದು ತಳಮನೆಯ ಪಾರ್ಕಿಂಗಿಗೆ ಹೋದ. ಅವನು ಕಾಲಿಟ್ಟಂತೆ ಚಾವಣಿಯ ಟ್ಯೂಬ್‌ಲೈಟುಗಳು ಒಂದೊಂದೇ ತಾವಾಗಿ ಹತ್ತಿಕೊಂಡವು. ಈಚೆಗೆ ಸೊಸೈಟಿಯವರು ಕರೆಂಟು ಉಳಿಸಲು ಹಾಕಿಸಿದ್ದರು. ಯಾರಾದರೂ ಅಲುಗಾಡಿದರೆ ಹತ್ತುತ್ತಿದ್ದವು, ಇಲ್ಲದಿದ್ದರೆ ಆರುತ್ತಿದ್ದವು.

ಅವನ ಬೂದು ಬಣ್ಣದ ಕಾರು ತನ್ನ ಜಾಗದಲ್ಲಿತ್ತು, ಗೋಡೆಗೆ ಮುಖ ಮಾಡಿ. ಗಾಜುಗಳು ಏರಿಸಿದ್ದವು. ಒಳಗೆ ಯಾರೋ ಕೂತಿದ್ದರು.

ಇಂದುಮತಿ.

ಗಾಡಿ ನಡೆಸಲು ಬಾರದ ಇಂದುಮತಿ ಸ್ಟೀರಿಂಗಿನ ಹಿಂದೆ ಕೂತಿದ್ದಳು. ಬೆನ್ನು ಅವನ ಕಡೆಗಿತ್ತು. ಫೋನಿನಲ್ಲಿ ಮಾತಾಡುತ್ತಿರಲಿಲ್ಲ. ಅಳುತ್ತಿರಲಿಲ್ಲ, ಅಳುವವರ ಹೆಗಲು ಅವನಿಗೆ ಗೊತ್ತು. ಎರಡು ಕೈಯನ್ನೂ ಸ್ಟೀರಿಂಗಿನ ಮೇಲಿಟ್ಟು, ಒಂದು ಮೊಳ ದೂರದ ಸುಣ್ಣದ ಗೋಡೆಯನ್ನು, ಬಹಳ ದೂರದ ಊರಿನ ದಾರಿಯನ್ನು ನೋಡುವವರ ಹಾಗೆ ನೋಡುತ್ತಿದ್ದಳು.

ಕೆಲವು ತಿಂಗಳಿಂದ ಅವನ ಸೀಟು ತನ್ನ ಹಳಿಯ ಮೇಲೆ ಎರಡು ಹಲ್ಲು ಮುಂದಕ್ಕೆ ಸರಿದಿರುತ್ತಿತ್ತು. ಗಾಡಿ ತೊಳೆಯುವವನ ಮೇಲೆ ಎರಡು ಸಲ ರೇಗಿದ್ದ. ಬಲಗಡೆಯ ಮ್ಯಾಟಿನ ಮೇಲೆ ಮನೆಚಪ್ಪಲಿಯ ಧೂಳಿರುತ್ತಿತ್ತು. ಇನ್ನೊಬ್ಬರ ಗಾಡಿಯಾಗಿದ್ದರೆ ಒಂದೇ ನೋಟಕ್ಕೆ ಬರೆದುಕೊಳ್ಳುತ್ತಿದ್ದ.

ಹೋಗಿ ಗಾಜು ತಟ್ಟಬೇಕು. ಎಡಗಡೆಯ ಬಾಗಿಲು ತೆಗೆದು ಒಳಗೆ ಕೂರಬೇಕು. ಟ್ರೇನಿನಲ್ಲಿ ಕಟ್ಟಿದ ವಾಕ್ಯ ಬಾಯಲ್ಲಿ ಸಿದ್ಧವಾಗಿತ್ತು. ಆದರೆ ತಟ್ಟಿದರೆ ಅವಳು ಬೆಚ್ಚಿ ಹೊರಬರುತ್ತಾಳೆ, ಬ್ಯಾಗು ಮರೆತಿದ್ದೆ, ಕೊಡೆ ಹುಡುಕುತ್ತಿದ್ದೆ ಎನ್ನುತ್ತಾಳೆ, ಚಪಾತಿ ಮಾಡಲೇ ಎನ್ನುತ್ತಾಳೆ. ಆ ಗಾಜಿನೊಳಗೆ ಅವಳಿಗೆ ಎಂಥ ನಿರಾಳ ಸಿಕ್ಕಿದೆಯೆಂದು ಇಡೀ ಸೂರತ್ತಿನಲ್ಲಿ ಅವನೊಬ್ಬನಿಗೆ ಗೊತ್ತಿತ್ತು. ಯಾರ ಹತ್ತಿರದಿಂದ ಅವಳು ಇಲ್ಲಿಗೆ ಇಳಿದು ಬಂದಿದ್ದಾಳೆಂಬುದೂ.

ಹೃಷಿಕೇಶ ಒಂದು ಹೆಜ್ಜೆ ಹಿಂದಿಟ್ಟು ಕಂಬದ ಮರೆಗೆ ನಿಂತ. ಚೀಲದ ಗೇಜು ಸದ್ದು ಮಾಡದಂತೆ ಎದೆಗೊತ್ತಿ ಹಿಡಿದ.

ತಳಮನೆಯ ಆ ತುದಿಯಲ್ಲಿ ಒಂದು ಟ್ಯೂಬ್‌ಲೈಟು ಆರಿತು. ಆಮೇಲೆ ಅದರ ಪಕ್ಕದ್ದು. ಕತ್ತಲೆ ಸಾಲುಸಾಲಾಗಿ ಈಚೆಗೆ ಬಂತು. ಕೊನೆಗೆ ಕಾರಿನ ಮೇಲಿದ್ದದ್ದೂ ಆರಿತು. ಅವಳು ಅಲುಗಾಡಲಿಲ್ಲ. ಅವನೂ ಅಲುಗಾಡಲಿಲ್ಲ. ಬೆಳಕು ಬರಬೇಕಾದರೆ ಇಬ್ಬರಲ್ಲಿ ಒಬ್ಬರು ಕೈಯೆತ್ತಿದರೂ ಸಾಕಿತ್ತು.